‘ಹಿಡಿ’ಗೆ ಎಷ್ಟು ಅರ್ಥ? ಕಳ್ಳ ಪೊಲೀಸರಿಗೆ ‘ಹಿಡಿಸಿದ’ ಅಂತ ಬರೆದ್ರೆ ಏನಾಗುತ್ತೆ

ತಿದ್ದುಪಡಿ_ತಿಮ್ಮ

ಪ್ರೂಫ್ ನೋಡೋ ಕೆಲಸ ನಂದು. ಒಂದು ವರದಿಲಿ "ಊರವರ ನೆರವಿನಿಂದ ಕಳ್ಳ ಪೊಲೀಸರಿಗೆ ಹಿಡಿಸಿದ" ಅಂತ ಬಂದಿತ್ತು. ಬರೆದವರ ತಲೇಲಿದ್ದಿದ್ದು ಊರವರು ಅವನನ್ನ ಹಿಡಿದುಕೊಟ್ರು ಅಂತ. ಓದಿದ್ರೆ ಪೊಲೀಸರಿಗೆ ಹುಡುಗ ಒಪ್ಪಿಗೆ ಆಗಿದಾನೆ, ಇನ್ನು ತಾಂಬೂಲ ಬದಲಾಯಿಸ್ಕೊಳ್ಳೋದೊಂದು ಬಾಕಿ ಅನ್ನೋ ಹಾಗಿದೆ 😄 "ಕಳ್ಳನನ್ನ" ಅಂತ ಆ ಒಂದು "ಅನ್ನ" ಸೇರಿಸಿದ್ರೆ ಜೈಲು, ಬಿಟ್ರೆ ಮದುವೆ.

ಅದನ್ನೇನೋ ತಿದ್ದಿ ಕಳಿಸ್ದೆ, ಆದ್ರೆ ಈ "ಹಿಡಿ" ಮಾತ್ರ ತಲೆಯಿಂದ ಹೋಗ್ತಿಲ್ಲ. ಬಸ್ ಹಿಡೀತೀವಿ, ಹಟ ಹಿಡೀತೀವಿ, ತಪ್ಪು ಹಿಡೀತೀವಿ, ಊರಿನ ದಾರಿ ಹಿಡೀತೀವಿ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತೆ, ಸೂರ್ಯನಿಗೆ ಗ್ರಹಣ ಹಿಡಿಯುತ್ತೆ, ಕೆಲಸಕ್ಕೆ ಟೈಮ್ ಹಿಡಿಯುತ್ತೆ, ಸೊಂಟ ಹಿಡ್ಕೊಳ್ಳುತ್ತೆ. ಕೈಯಲ್ಲಿ ಹಿಡಿಯೋದು ಅನ್ನೋ ಅರ್ಥ ಇದ್ರಲ್ಲೆಲ್ಲ ಎಲ್ಲಿದೆ? ಇದು ಒಂದೇ ಪದಾನಾ ಅಥವಾ ಒಂದೇ ಥರ ಕೇಳೋ ಹತ್ತು ಪದಗಳಾ? ಬಲ್ಲವರು ಹೇಳಿ.

ಗುಬ್ಬಿಗೂಡು

"ಹಿಡಿ, ತಗೋ" ಅಂತ ಏನಾದ್ರೂ ಕೊಡೋವಾಗ ಹೇಳ್ತೀವಲ್ಲ ಅದನ್ನೂ ಸೇರಿಸಿ. ಕೊಡೋನು ಹೇಳೋ ಮಾತು ಹಿಡಿ, ಮಜಾ ಇದೆ.

ಹಳಗನ್ನಡ_ಹುಚ್ಚ

ಇದಕ್ಕೆ ಬರ್ದೇ ಇರೋಕಾಗುತ್ತಾ, ಹೆಸರಲ್ಲೇ ಹುಚ್ಚು ಹಿಡಿದಿದೆ ನಂಗೆ.

ಮೊದಲು ಇದು "ಪಿಡಿ" ಆಗಿತ್ತು. ಹಳಗನ್ನಡದಲ್ಲಿ ಪದದ ಮೊದಲಲ್ಲಿದ್ದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರ ಆಯ್ತು, ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪೆಸರು ಹೆಸರಾಯ್ತು, ಪತ್ತು ಹತ್ತಾಯ್ತು, ಅದೇ ಸಾಲಲ್ಲಿ ಪಿಡಿ ಹೋಗಿ ಹಿಡಿ. "ಕೈಪಿಡಿ" ಅನ್ನೋದ್ರಲ್ಲಿ ಮಾತ್ರ ಹಳೇ ಪಕಾರ ಹಾಗೇ ಇದೆ, ಯಾರೂ ಕೈಹಿಡಿ ಅಂತ ಪುಸ್ತಕಕ್ಕೆ ಹೆಸರಿಡಲ್ಲ, ಇಟ್ರೆ ಅದು ಮದುವೆ ಪುಸ್ತಕ ಅನ್ಕೋತಾರೆ. ತಮಿಳು ಮಲಯಾಳಂನಲ್ಲಿ ಇವತ್ತಿಗೂ ಪಿಡಿನೇ. ತೆಲುಗಿನಲ್ಲಿ ಪಿಡಿ ಅಂದ್ರೆ ಹಿಡಿಕೆ, ಪಿಡಿಕಿಲಿ ಅಂದ್ರೆ ಮುಷ್ಟಿ, ಹಿಡಿಯೋ ಕೆಲಸಕ್ಕೆ ಅವರು "ಪಟ್ಟು" ಅನ್ನೋ ಬೇರೆ ಕ್ರಿಯಾಪದ ಬಳಸ್ತಾರೆ. ಆದ್ರೆ ನೋಡಿ, ಅವರಿಗೂ ತುಕ್ಕು ಹಿಡಿಯೋದಕ್ಕೆ ಹುಚ್ಚು ಹಿಡಿಯೋದಕ್ಕೆ ಎರಡಕ್ಕೂ ಅದೇ ಪಟ್ಟು, "ತುಪ್ಪು ಪಟ್ಟಿಂದಿ", "ಪಿಚ್ಚಿ ಪಟ್ಟಿಂದಿ". ಧಾತು ಬೇರೆ, ನಡೆದ ದಾರಿ ಒಂದೇ. ಅಂದ್ರೆ ಇದು ಆಕಸ್ಮಿಕವಾಗಿ ಒಂದೇ ಥರ ಕೇಳೋ ಹತ್ತು ಪದ ಅಲ್ಲ, ಹಿಡಿಯೋದು ಅನ್ನೋ ಕಲ್ಪನೆನೇ ಇಷ್ಟು ಕಡೆ ಹಬ್ಬೋ ಸ್ವಭಾವದ್ದು.

ಹಾಂ, ಹಳೇ ಕಾವ್ಯಗಳಲ್ಲಿ ಪಿಡಿ ಅಂದ್ರೆ ಹೆಣ್ಣಾನೆ ಅಂತಲೂ ಬರುತ್ತೆ. ಅದು ನಿಜವಾಗ್ಲೂ ಬೇರೆ ಪದ, ಇದರ ಜೊತೆ ಕಲಸಬೇಡಿ.

ಗುಬ್ಬಿಗೂಡು

ಹಾಗಾದ್ರೆ "ಪಿಡುಗು" ಕೂಡ ಪಿಡಿಯಿಂದನೇ ಬಂದಿರ್ಬೇಕು ಅಲ್ವಾ ಸರ್? ರೋಗ ಹಿಡಿಯೋದು ಪಿಡುಗು.

ಹಳಗನ್ನಡ_ಹುಚ್ಚ

ಕೇಳೋಕೆ ಚೆನ್ನಾಗಿದೆ, ಆದ್ರೆ ತೆಲುಗಿನಲ್ಲಿ ಪಿಡುಗು ಅಂದ್ರೆ ಸಿಡಿಲು. ಮೇಲಿಂದ ಬಡಿಯೋದಕ್ಕೂ ಕೈಯಲ್ಲಿ ಹಿಡಿಯೋದಕ್ಕೂ ಗಂಟು ಹಾಕೋಕೆ ನಂಗೆ ಧೈರ್ಯ ಇಲ್ಲ. "ಹಿಡುವಳಿ" ಬೇಕಾದ್ರೆ ತಗೊಳ್ಳಿ, ಹಿಡುವಳಿದಾರ ಅಂದ್ರೆ ಜಮೀನು ಹಿಡಿದಿರೋನು, ಅದು ನಮ್ಮ ಮನೆ ಮಗೂನೇ. ಹಿಡಿಕೆ, ಹಿಡಿತ, ಹಿಡಿಶಾಪ ಎಲ್ಲ ಇದೇ ಸಂಸಾರ.

ಕರಾವಳಿ_ಕಡ್ಲೆ

ನಮ್ಮಲ್ಲಿ ಕಸ ಗುಡಿಸುದು ಹಿಡಿಸೂಡಿಯಲ್ಲಿ ಮಾರಾಯ್ರೆ, ಅದನ್ನು ಯಾಕೆ ಬಿಟ್ರಿ. ಘಟ್ಟದ ಮೇಲಿನವರು ಪೊರಕೆ ಅಂತಾರೆ, ಆಚೆಯವರು ಕಸಬರಿಗೆ ಅಂತಾರೆ. ಹಿಡಿಸೂಡಿ ಅಂದ್ರೆ ಅವರಿಗೆ ಏನು ಅಂತ್ಲೇ ಗೊತ್ತಾಗುದಿಲ್ಲ. ಮತ್ತೆ ತುಳುವಿನಲ್ಲಿ ಹಿಡಿಯುವುದಕ್ಕೆ ಪತ್ತುನಿ, ತೆಲುಗಿನ ಪಟ್ಟು ಇದ್ದ ಹಾಗೆಯೇ ಕೇಳ್ತದೆ ಅಲ್ವಾ.

ಅರೆಬರೆ_ವ್ಯಾಕರಣ

ನಿಘಂಟು ತೆಗೆದು ಅರ್ಥ ಎಣಿಸೋದ್ರಿಂದ ಏನೂ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ. ಕಿಟ್ಟೆಲ್ 1894ರಲ್ಲೇ ಮಂಗಳೂರಲ್ಲಿ ಅಚ್ಚಾದ ನಿಘಂಟಲ್ಲಿ ಇಂಥ ಕ್ರಿಯಾಪದಗಳಿಗೆ ಉದ್ದುದ್ದ ಪಟ್ಟಿ ಕೊಟ್ಟಿದಾರೆ, ಆಮೇಲಿನವರು ಇನ್ನೂ ಸೇರಿಸಿದ್ರು, ನಾಳೆ ಇನ್ನೊಬ್ಬರು ಇನ್ನೂ ಸೇರಿಸ್ತಾರೆ. ಪಕ್ಕದ ನಾಮಪದ ಬದಲಾದ ಹಾಗೆಲ್ಲ ಹೊಸ ಅರ್ಥ ಅಂತ ಬರ್ಕೊಳ್ತಾ ಹೋದ್ರೆ ಮುಗಿಯೋದು ಯಾವಾಗ.

ಅದ್ರ ಬದಲು ಪ್ರತ್ಯಯ ನೋಡಿ. ಯಾರು ಯಾರನ್ನ ಹಿಡಿದ್ರು ಅನ್ನೋದು ಪ್ರತ್ಯಯದಲ್ಲೇ ಇದೆ. "ಪೊಲೀಸ್ ಅವನನ್ನ ಹಿಡಿದ", ಇದ್ರಲ್ಲಿ "ಅನ್ನು" ಇದೆ, ಹಿಡಿಯೋನಿಗೆ ಕೈಕಾಲಿದೆ, ಉದ್ದೇಶ ಇದೆ. "ಅವನಿಗೆ ಹುಚ್ಚು ಹಿಡೀತು", ಇದ್ರಲ್ಲಿ "ಗೆ" ಇದೆ, ಹಿಡಿದಿದ್ದಕ್ಕೆ ಕೈಯೂ ಇಲ್ಲ ಉದ್ದೇಶವೂ ಇಲ್ಲ, ಬಂದು ಕೂತ್ಕೊಂಡಿದೆ ಅಷ್ಟೆ. ದೆವ್ವದಲ್ಲಿ ಟೆಸ್ಟ್ ಮಾಡಿ ನೋಡಿ. "ಅವಳಿಗೆ ದೆವ್ವ ಹಿಡಿದಿದೆ" ಅಂದ್ರೆ ಮೈಮೇಲೆ ಬಂದಿದೆ. "ದೆವ್ವ ಅವಳನ್ನ ಹಿಡೀತು" ಅಂದ್ರೆ ಹುಣಸೇಮರದ ಹಿಂದೆ ನಿಂತಿದ್ದು ಎರಡು ಕೈ ಚಾಚಿ ಗಬಕ್ಕಂತ ಹಿಡೀತು ಅನ್ನೋ ಚಿತ್ರ ಬರುತ್ತೆ. ಕ್ರಿಯಾಪದ ಒಂದೇ, ದೆವ್ವ ಒಂದೇ, "ಗೆ" ಹೋಗಿ "ಅನ್ನ" ಬಂದ ತಕ್ಷಣ ದೆವ್ವಕ್ಕೆ ಕೈ ಮೂಡ್ತು.

ಮಲ್ನಾಡ್_ಮಳೆಹುಳ

ಮಳೆ ಹಿಡೀತು ಅಂತೀವಿ, ಅಲ್ಲಿ "ಗೆ"ನೂ ಇಲ್ಲ "ಅನ್ನು"ನೂ ಇಲ್ಲ. ಯಾರನ್ನ ಹಿಡೀತು? ಯಾರಿಗೆ ಹಿಡೀತು? ಏನೂ ಇಲ್ಲ. ಮಳೆ ಹಿಡೀತು, ಅಷ್ಟೆ.

ಇದನ್ನ ಬಯಲುಸೀಮೆಯವರು ಮಳೆ ಬಂತು ಅನ್ನೋದ್ರ ಜೊತೆ ಕಲಸ್ತಾರೆ. ಎರಡೂ ಒಂದೇ ಅಲ್ಲ. ಮಳೆ ಬಂತು ಅಂದ್ರೆ ಬಂತು, ಒಣಗಾಕಿದ್ದು ಒಳಗೆ ತಗೊಂಡ್ವಿ, ಹೋಯ್ತು, ಮತ್ತೆ ಹರವಿದ್ವಿ. ಮಳೆ ಹಿಡೀತು ಅನ್ನಬೇಕಾದ್ರೆ ಅದು ನಿಲ್ಲೋ ಲಕ್ಷಣ ಇರಬಾರದು, ಬೆಳಗ್ಗೆ ಯಾವುದು ಮಧ್ಯಾಹ್ನ ಯಾವುದು ಗೊತ್ತಾಗದಂಗೆ ಮೋಡ ಕೆಳಗಿಳಿದಿರಬೇಕು, ಮಾಡಿನ ನೀರು ಒಂದೇ ಸಮ ಸುರೀತಿರಬೇಕು, ಹೊಸಿಲಾಚೆ ಕಾಲಿಟ್ರೆ ಜಾರಬೇಕು. ಆರಿದ್ರಾ ಹಿಡಿದ್ರೆ ಪುನರ್ವಸುವರೆಗೂ ಬಿಡದೇ ಇರೋದುಂಟು. ನಡುವೆ ಒಂದು ಘಳಿಗೆ ಬೆಳಕಾದ್ರೆ ಹೊಳವಾಯ್ತು ಅಂತೀವಿ, ಮಳೆ ಬಿಡ್ತು ಅನ್ನಲ್ಲ. ಬಿಡ್ತು ಅನ್ನೋ ಮಾತು ಬೇರೆ, ಅದು ಪೂರ್ತಿ ಬಿಟ್ಟಾಗ.

ಹುಬ್ಳಿ_ಮಂದಿ

ನಮ್ ಕಡೆ ಈ ಹಿಡಿಯೂ ಕೆಲಸ ಭಾಳಷ್ಟು "ಹತ್ತು" ಮಾಡ್ತೈತಿ ನೋಡ್ರಿ. ಮಳಿ ಹತ್ತೈತಿ ಅಂತೀವಿ. ಈ ಕೆಲಸಕ್ಕ ಎಷ್ಟ್ ವ್ಯಾಳೆ ಹತ್ತತೈತಿ ಅಂತೀವಿ, ನೀವು ಟೈಮ್ ಹಿಡಿಯುತ್ತೆ ಅಂತೀರಿ. ಮನಿ ಕಟ್ಟಾಕ ರೊಕ್ಕ ಭಾಳ ಹತ್ತತಾವ. ಚಟ ಹತ್ತತೈತಿ. ಅಷ್ಟ ಅಲ್ರಿ, "ಬರಾಕ ಹತ್ಯಾನ" ಅಂದ್ರ ಬರ್ತಾ ಇದಾನ ಅಂತ ಅರ್ಥ. ಮರಾಠಿಯೊಳಗ ವೇಳ ಲಾಗತೋ ಅಂತಾರಲ್ಲ, ಅದರ ಜೋಡಿ ನಮ್ಮ ಹತ್ತು ಸರಿ ಕೂಡತೈತಿ. ನಿಮ್ಮ ಹಿಡಿ ನಮ್ಮ ಹತ್ತರ ಮುಂದ ಸಣ್ಣ ಹುಡುಗ ಬಿಡ್ರಿ.

ತಿದ್ದುಪಡಿ_ತಿಮ್ಮ

ಹತ್ತಿಗೆ ಬೇರೆ ಚರ್ಚೆನೇ ಬೇಕು ಸಾಹೇಬ್ರೆ, ಈಗ ಹಿಡಿದಿದ್ದನ್ನ ಮುಗಿಸೋಣ.

ಮಳೆಹುಳ ಅವರು ಕೊನೇಲಿ ಹೇಳಿದ್ದು ನೋಡಿ ನಂಗೆ ಒಂದು ಹೊಳೀತು. ಮಳೆ ಹಿಡಿಯುತ್ತೆ, ಮಳೆ ಬಿಡುತ್ತೆ. ಗ್ರಹಣ ಹಿಡಿಯುತ್ತೆ, ಗ್ರಹಣ ಬಿಡುತ್ತೆ. ಹುಚ್ಚು ಹಿಡಿಯುತ್ತೆ, ಹುಚ್ಚು ಬಿಡುತ್ತೆ. ಹಟ ಹಿಡಿದ, ಹಟ ಬಿಟ್ಟ. ಕೆಲಸ ಹಿಡಿದ, ಕೆಲಸ ಬಿಟ್ಟ. ಬಟ್ಟೆ ಬಣ್ಣ ಹಿಡೀತು, ಬಟ್ಟೆ ಬಣ್ಣ ಬಿಡ್ತು. ಬಸ್ ಕೂಡ, ರಶ್ ಇತ್ತು ಅಂತ ಎರಡು ಬಸ್ ಬಿಟ್ಟು ಮೂರನೇದು ಹಿಡಿದೆ ಅಂತೀವಿ. ಆದ್ರೆ ಟೈಮ್ ಹಿಡಿಯುತ್ತೆ ಅಂತೀವಿ, ಟೈಮ್ ಬಿಡುತ್ತೆ ಅನ್ನಲ್ಲ. ಕಂಡುಹಿಡಿದ ಅಂತೀವಿ, ಕಂಡುಬಿಟ್ಟ ಅಂದ್ರೆ ಬೇರೆನೇ ಏನೋ ಆಗುತ್ತೆ. ಸಿನಿಮಾ ಹಿಡಿಸ್ತು ಅಂತೀವಿ, ಅದಕ್ಕೆ ಬಿಡು ಹಾಕೋಕಾಗಲ್ಲ.

ಅಂದ್ರೆ ನನ್ನ ವಾದ ಇಷ್ಟು. ಯಾವ "ಹಿಡಿ"ಗೆ "ಬಿಡು" ಜೋಡಿ ಇದೆಯೋ ಅಲ್ಲಿ ಹಿಡಿತ ಇನ್ನೂ ಜೀವಂತ ಇದೆ, ಒಂದು ಹಿಡೀತಿದೆ ಒಂದು ಹಿಡಿಸ್ಕೊಳ್ತಿದೆ, ಯಾವಾಗ ಬೇಕಾದ್ರೂ ಸಡಿಲ ಆಗಬಹುದು. ಎಲ್ಲಿ ಜೋಡಿ ಇಲ್ವೋ ಅಲ್ಲಿ ಹಿಡಿ ಬೇರೆ ಕೆಲಸಕ್ಕೆ ಸೇರ್ಕೊಂಡಾಗಿದೆ. ಅರ್ಥ ಎಣಿಸೋದ್ರ ಬದಲು ಬಿಡು ಹಾಕಿ ಅಲ್ಲಾಡಿಸಿ ನೋಡೋಣ.

ಅರೆಬರೆ_ವ್ಯಾಕರಣ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಆಗ್ಬಾರ್ದು ಅಷ್ಟೆ. ತುಕ್ಕು ಹಿಡಿಯುತ್ತೆ, ತುಕ್ಕು ಬಿಡುತ್ತಾ? ಉಜ್ಜಬೇಕು, ಕೆರೀಬೇಕು. ಗೆದ್ದಲು ಹಿಡಿಯುತ್ತೆ, ಬೂಷ್ಟು ಹಿಡಿಯುತ್ತೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತೆ. ಇವ್ಯಾವೂ ತಾವಾಗೇ ಬಿಡಲ್ಲ.

ತಿದ್ದುಪಡಿ_ತಿಮ್ಮ

ತಾವಾಗೇ ಬಿಡಲ್ಲ ಸರಿ, ಆದ್ರೆ "ಎಷ್ಟು ಉಜ್ಜಿದ್ರೂ ಈ ಕಿಲುಬು ಬಿಡ್ತಾನೇ ಇಲ್ಲ" ಅಂತೀವೋ ಇಲ್ವೋ? "ಹುಣಸೇಹಣ್ಣು ಹಾಕಿ ತಿಕ್ಕಿದ್ಮೇಲೆ ಬಿಡ್ತು" ಅಂತೀವೋ ಇಲ್ವೋ? ಮೊಲಕ್ಕೆ ನಾಲ್ಕನೇ ಕಾಲೂ ಇದೆ ನೋಡಿ.

ಅರೆಬರೆ_ವ್ಯಾಕರಣ

ಹ್ಮ್. ಇದೆ.

ಸೊಪ್ಪಿನ_ಸಾರು

ಕೈ ಹಿಡಿ ಅನ್ನೋದ್ರ ಮೇಲೆ ಈ ಬಿಡು ಪರೀಕ್ಷೆ ಹಾಕಿ, ಚೆನ್ನಾಗಿ ಬಿಡಿಸುತ್ತೆ. ಹುಡುಗಿ ಕೈ ಹಿಡಿದ ಅಂದ್ರೆ ಮದುವೆ ಆದ, ಕೈ ಬಿಟ್ಟ ಅಂದ್ರೆ ನಡುನೀರಲ್ಲಿ ಬಿಟ್ಟು ಹೋದ. ಕಷ್ಟದಲ್ಲಿ ಅಣ್ಣ ಕೈ ಹಿಡಿದ, ದೇವ್ರೂ ಕೈ ಬಿಟ್ಟ. ಈ ಸಲ ಅಡಿಕೆ ಕೈ ಹಿಡೀತು, ಕಾಳುಮೆಣಸು ಕೈ ಬಿಡ್ತು. ಮೂರಕ್ಕೂ ಬಿಡು ಜೋಡಿ ಸರಿ ಹೋಗುತ್ತೆ. ಆದ್ರೆ "ಸ್ವಲ್ಪ ಕೈ ಹಿಡಿದು ಖರ್ಚು ಮಾಡು" ಅಂತೀವಲ್ಲ, ಅದಕ್ಕೆ ಎದುರು "ಕೈ ಬಿಟ್ಟು ಖರ್ಚು ಮಾಡು" ಅಲ್ಲ, "ಕೈ ಬಿಚ್ಚಿ ಖರ್ಚು ಮಾಡು". ಅಲ್ಲಿರೋದು ಮುಚ್ಚಿದ ಮುಷ್ಟಿ ಬಿಚ್ಚಿದ ಮುಷ್ಟಿ ಲೆಕ್ಕ, ಇನ್ನೊಬ್ಬರ ಕೈಯೇ ಇಲ್ಲ ಅಲ್ಲಿ. ಎದುರು ಪದ ಬೇರೆ ಬಂತು ಅಂದ್ರೆ ಅರ್ಥವೂ ಬೇರೆ.

ಚುನಾವಣೆ ಟೈಮಲ್ಲಿ ಪೇಪರ್‌ನೋರಿಗೆ ಹಬ್ಬ. "ಕೈ ಹಿಡಿದ ಮತದಾರ" ಅಂತ ಹೆಡ್ಡಿಂಗ್ ಹಾಕಿದ್ರೆ ಕಾಂಗ್ರೆಸ್ ಚಿಹ್ನೆನೂ ಬಂತು, ನೆರವಿಗೆ ನಿಂತ ಅನ್ನೋದೂ ಬಂತು. ಸೋತ್ರೆ "ಕೈ ಬಿಟ್ಟ ಮತದಾರ". ಪಾಪ ಬೇರೆ ಪಕ್ಷದ ಚಿಹ್ನೆಗಳಿಗೆ ಇಂಥ ಕ್ರಿಯಾಪದ ಸಿಗಲಿಲ್ಲ.

ಚೆನ್ನೈ_ಟು_ಜಯನಗರ

ನಮಸ್ಕಾರ, ನನ್ನ ಮನೆಮಾತು ತಮಿಳು. ನಮ್ಮಲ್ಲಿ ಇಷ್ಟ ಅನ್ನೋದಕ್ಕೆ ನೇರವಾಗಿ "ಎನಕ್ಕು ಪಿಡಿಕ್ಕುಂ" ಅಂತೀವಿ, "ಇಸು" ಸೇರಿಸಲ್ಲ. ಅದಕ್ಕೇ ತಮಿಳಿನವರು ಕನ್ನಡ ಕಲಿಯೋವಾಗ "ನಂಗೆ ನಿಮ್ಮ ಮನೆ ಕಾಫಿ ಹಿಡಿಯುತ್ತೆ" ಅಂತಾರೆ, ಕನ್ನಡದವರು ಗಾಬರಿಯಾಗಿ ನೋಡ್ತಾರೆ. ಮಿಕ್ಕಿದ್ದೆಲ್ಲ ಸೇಮ್, ನಮ್ಮಲ್ಲೂ ಹುಚ್ಚು ಪಿಡಿಕ್ಕುತ್ತೆ, ತುಕ್ಕು ಪಿಡಿಕ್ಕುತ್ತೆ, ನೆಗಡಿ ಪಿಡಿಕ್ಕುತ್ತೆ. ಇಷ್ಟಕ್ಕೆ ಮಾತ್ರ ಕನ್ನಡದಲ್ಲಿ ಯಾಕೆ "ಹಿಡಿಸು"? ಇಸು ಅಂದ್ರೆ ಬೇರೆಯವರ ಕೈಲಿ ಮಾಡಿಸೋದು ಅಂತ ಕಲ್ತಿದೀನಿ, ಮಾಡು ಮಾಡಿಸು, ಓದು ಓದಿಸು. ಕಾಫಿ ಹಿಡಿಸ್ತು ಅನ್ನೋವಾಗ ಯಾರು ಯಾರ ಕೈಲಿ ಏನು ಹಿಡಿಸಿದ್ರು?

ಅರೆಬರೆ_ವ್ಯಾಕರಣ

ಮೇಡಂ ಇದು ಒಳ್ಳೇ ಪ್ರಶ್ನೆ, ಕನ್ನಡದವರಿಗೆ ಹೊಳೆಯೋದೇ ಇಲ್ಲ.

"ನಂಗೆ ಹಿಡಿಯುತ್ತೆ" ಅಂದ ತಕ್ಷಣ ನಮಗೆ ಹುಚ್ಚು, ದೆವ್ವ, ಶನಿ, ಮಂಕು ಸಾಲಾಗಿ ನೆನಪಾಗುತ್ತೆ. "ಗೆ" ಜೊತೆ ಬರೋ ಬರಿ ಹಿಡಿಗೆ ಕೆಟ್ಟದ್ದೇ ಸ್ನೇಹ. ಕಾಫಿ ನಿಮಗೆ ಹಿಡಿಯುತ್ತೆ ಅಂದ್ರೆ ಶನಿ ಥರ ಬೆನ್ನು ಹತ್ತುತ್ತೇನೋ ಅನ್ಸುತ್ತೆ.

ಇನ್ನು ಹಿಡಿಸು ಬಗ್ಗೆ. ನಿಮ್ಮ ಅನುಮಾನ ಸರಿ, ಇಲ್ಲಿ ಪ್ರೇರಣೆ ಇಲ್ಲ. ಕಳ್ಳನನ್ನ ಪೊಲೀಸರಿಗೆ ಹಿಡಿಸಿದ ಅನ್ನೋದ್ರಲ್ಲಿ ಮಾತ್ರ ನಿಜವಾದ ಪ್ರೇರಣಾರ್ಥಕ ಇರೋದು. ಇನ್ನೊಂದು ಹಿಡಿಸು ಇದೆ, ಅದನ್ನ ಮೆಟ್ಟಿಲು ಮೆಟ್ಟಿಲಾಗಿ ನೋಡಿ. "ಈ ಡಬ್ಬೀಲಿ ಇಷ್ಟೂ ಹಿಟ್ಟು ಹಿಡಿಸಲ್ಲ" ಅಂದ್ರೆ ಜಾಗಕ್ಕೆ ಒಗ್ಗಲ್ಲ. "ಹೊಸ ಊರಿನ ನೀರು ಹಿಡಿಸ್ಲಿಲ್ಲ, ಹೊಟ್ಟೆ ಕೆಡ್ತು" ಅಂದ್ರೆ ಮೈಗೆ ಒಗ್ಗಲಿಲ್ಲ. "ಅವನ ಮಾತು ಹಿಡಿಸ್ಲಿಲ್ಲ" ಅಂದ್ರೆ ಮನಸ್ಸಿಗೆ ಒಗ್ಗಲಿಲ್ಲ. ಡಬ್ಬಿ, ಹೊಟ್ಟೆ, ಮನಸ್ಸು, ಮೂರರಲ್ಲೂ ಪ್ರಶ್ನೆ ಒಂದೇ, ಒಳಗೆ ಹೋಗಿ ಕೂತ್ಕೊಳ್ಳುತ್ತಾ ಇಲ್ವಾ. ನನ್ನ ಪ್ರಕಾರ ಇಷ್ಟ ಅನ್ನೋ ಅರ್ಥ ಬಂದಿರೋದು ಈ ದಾರೀಲಿ. ಅದಕ್ಕೇ "ಹಿಡಿಸ್ತು" ಅನ್ನೋದ್ರಲ್ಲಿ ಪ್ರೀತಿಯ ಭರಾಟೆ ಕಮ್ಮಿ, ಒಗ್ಗಿತು ಅನ್ನೋ ಸಮಾಧಾನ ಜಾಸ್ತಿ. ಹುಡುಗ ಹಿಡಿಸಿದ ಅಂತ ಮನೆಯವರು ಹೇಳ್ತಾರೆ, ಹುಚ್ಚಾಗಿ ಪ್ರೀತಿಸೋ ಹುಡುಗಿ ಆ ಮಾತು ಹೇಳಲ್ಲ.

ಚೆನ್ನೈ_ಟು_ಜಯನಗರ

ಥ್ಯಾಂಕ್ಸ್ ಸರ್, ನಿಮ್ಮ ಉತ್ತರ ನಂಗೆ ಹಿಡಿಸ್ತು 🙂

ಕ್ಯಾಷಿಯರ್_ಕಾಕಾ

ನಾನು ಲೆಕ್ಕದ ಮನುಷ್ಯ, ನನ್ನ ಕಡೆಯಿಂದ ಒಂದು. "ನನ್ನನ್ನೂ ಹಿಡಿದು ಐದು ಜನ" ಅಂದ್ರೆ ನಾನು ಸೇರಿ. "ಸಂಬಳದಲ್ಲಿ ಐನೂರು ಹಿಡ್ಕೊಂಡ್ರು" ಅಂದ್ರೆ ಕಳೆದು. ಕೂಡಿಸೋದಕ್ಕೂ ಹಿಡಿ, ಕಳೆಯೋದಕ್ಕೂ ಹಿಡಿ! ಅಡ್ವಾನ್ಸ್ ತಗೊಂಡೋರಿಗೆ "ಈ ತಿಂಗಳು ಹಿಡೀತೀನಿ" ಅಂದ್ರೆ ಅರ್ಥ ಆಗುತ್ತೆ, ಟೂರಿಗೆ ಹೆಸರು ಕೊಟ್ಟೋರಿಗೆ "ನಿಮ್ಮನ್ನೂ ಹಿಡಿದಿದೀನಿ" ಅಂದ್ರೂ ಅರ್ಥ ಆಗುತ್ತೆ, ಯಾರೂ ತಪ್ಪು ತಿಳ್ಕೊಂಡಿದ್ದು ನೋಡಿಲ್ಲ. ಬಿಡು ಹಾಕಿ ನೋಡಿ ಈಗ. ಲಿಸ್ಟಲ್ಲಿ ನಿಮ್ಮನ್ನ ಬಿಟ್ಟಿದೀನಿ ಅಂದ್ರೆ ನೀವು ಇಲ್ಲ, ಈ ತಿಂಗಳು ಸಾಲ ಹಿಡಿಯಲ್ಲ ಬಿಟ್ಟಿದೀನಿ ಅಂದ್ರೆ ದುಡ್ಡು ನಿಮಗೇ. ಒಂದ್ರಲ್ಲಿ ಬಿಟ್ರೆ ನಷ್ಟ, ಇನ್ನೊಂದ್ರಲ್ಲಿ ಬಿಟ್ರೆ ಲಾಭ.

ಸೊಪ್ಪಿನ_ಸಾರು

ಕಾಕಾ ಸೂಪರ್. ಎರಡರಲ್ಲೂ ನಿಮ್ಮ ಕೈಯಲ್ಲಿ ಇಟ್ಕೊಂಡಿರೋದೇ ತಾನೆ. ಲಿಸ್ಟ್ ಇರೋನು ಹೆಸರು ಹಿಡ್ಕೊಂಡ, ದುಡ್ಡು ಕೊಡೋನು ದುಡ್ಡು ಹಿಡ್ಕೊಂಡ. ಕೂಡಿಸೋದು ಕಳೆಯೋದು ಅನ್ಸೋದು ನಾವು ಎಲ್ಲಿ ನಿಂತಿದೀವಿ ಅನ್ನೋದ್ರ ಮೇಲೆ.

ಟೈಲರ್_ಮೀನಾಕ್ಷಿ

ಟೈಮ್ ಹಿಡಿಯುತ್ತೆ ಅನ್ನೋದಕ್ಕೆ ಬಿಡು ಇಲ್ಲ ಅಂದ್ರಲ್ಲ, ನಮ್ಮ ಕೆಲಸದಲ್ಲಿ ಅದೇ ಥರದ್ದು ದಿನಾ ಬರುತ್ತೆ. ಬ್ಲೌಸಿಗೆ ಒಂದು ಮೀಟರ್ ಹಿಡಿಯುತ್ತೆ, ಬಫ್ ತೋಳಾದ್ರೆ ಇನ್ನೂ ಸ್ವಲ್ಪ ಹಿಡಿಯುತ್ತೆ. ಗೋಡೆಗೆ ಪೇಂಟ್ ಎಷ್ಟು ಹಿಡೀತು, ಮನೆಗೆ ಸಿಮೆಂಟ್ ಎಷ್ಟು ಹಿಡೀತು. ಕೆಲಸಕ್ಕೆ ಎಷ್ಟು ಟೈಮ್ ಹಿಡೀತು ಅನ್ನೋದೂ ಇದೇ ಅಲ್ವಾ? ಬಟ್ಟೆ ಥರ ಟೈಮೂ ಒಂದು ಸಾಮಾನು ಅಷ್ಟೆ.

ತಿದ್ದುಪಡಿ_ತಿಮ್ಮ

ಮೀನಾಕ್ಷಿ ಅವ್ರೆ ಇದು ಸರಿಯಾಗಿ ಕೂತ್ಕೊಂತು. ಇದು ಅಳತೆಯ ಹಿಡಿ. "ಈ ಕೊಡ ಹತ್ತು ಲೀಟರ್ ಹಿಡಿಯುತ್ತೆ" ಅನ್ನೋದು ಇದರ ಅಕ್ಕ, ಅಲ್ಲಿ ಪಾತ್ರೆ ನಿಜವಾಗ್ಲೂ ಹಿಡ್ಕೊಂಡಿರುತ್ತೆ. ಬ್ಲೌಸಿಗೆ ಹಿಡಿಯೋದು ತಂಗಿ, ಅಲ್ಲಿ ಬೇಕಾಗುತ್ತೆ ಅನ್ನೋ ಅರ್ಥ ಮಾತ್ರ. ಎರಡೂ ಎಷ್ಟು ಹತ್ತಿರ ಅಂದ್ರೆ "ಗಾಡಿಗೆ ಎಷ್ಟು ಪೆಟ್ರೋಲ್ ಹಿಡಿಯುತ್ತೆ" ಅಂತ ಯಾರಾದ್ರೂ ಕೇಳಿದ್ರೆ ಟ್ಯಾಂಕ್ ಎಷ್ಟು ದೊಡ್ಡದು ಅಂತಾನೋ, ಹೋಗಿಬರೋಕೆ ಎಷ್ಟು ಬೇಕು ಅಂತಾನೋ, ಹೇಳೋಕಾಗಲ್ಲ.

ಅಳತೆಯ ಹಿಡಿಗೆ ಬಿಡು ಇಲ್ಲ, ಯಾಕಂದ್ರೆ ಅಲ್ಲಿ ಹಿಡಿತವೇ ಇಲ್ಲ, ಬರೀ ಎಷ್ಟು ಅನ್ನೋ ಪ್ರಶ್ನೆ. "ಅಲ್ಲಿಂದ ಹಿಡಿದು ಇಲ್ಲೀತನಕ" ಅನ್ನೋದೂ ಹಾಗೇ, ಅಲ್ಲಿ ಹಿಡಿದು ಅನ್ನೋದು ಕ್ರಿಯಾಪದದ ಕೆಲಸಾನೇ ಬಿಟ್ಟು ಬರೀ ಶುರುವಿನ ಗುರುತಾಗಿದೆ. ಕಂಡುಹಿಡಿ, ತಡೆಹಿಡಿ, ಎತ್ತಿಹಿಡಿ, ಸೆರೆಹಿಡಿ ಇವೆಲ್ಲ ಜೋಡಿ ಪದಗಳಾಗಿ ಗಟ್ಟಿಯಾಗಿವೆ. ತೀರ್ಪು ಎತ್ತಿಹಿಡಿದ ಹೈಕೋರ್ಟ್ ಅಂತ ಬರೆದಾಗ ಯಾರೂ ಕೋರ್ಟ್ ಏನೋ ಭಾರ ಎತ್ತುತ್ತಿದೆ ಅನ್ಕೊಳಲ್ಲ.

ಹಿಡಿಂಬ_ಅಲ್ಲ

ಕಾಲು ಹಿಡ್ಕೊಂಡೆ ಅಂದ್ರೆ ಗತಿಯಿಲ್ದೆ ಬೇಡ್ಕೊಂಡೆ ಅಂತ. ಕಾಲು ಹಿಡ್ಕೊಂತು ಅಂದ್ರೆ ಮೀನಖಂಡ ಗಂಟಾಗಿ ರಾತ್ರಿ ಎದ್ದು ಕೂಗಾಡಿದೆ ಅಂತ. "ಎ"ಗೂ "ಇತು"ಗೂ ಎಷ್ಟು ದೂರ. ಸೊಂಟ ಹಿಡ್ಕೊಂಡ ಅಂದ್ರೆ ಡ್ಯಾನ್ಸು, ಸೊಂಟ ಹಿಡ್ಕೊಂತು ಅಂದ್ರೆ ಡಾಕ್ಟ್ರು.

ಅರೆಬರೆ_ವ್ಯಾಕರಣ

ಹಹ್ಹಾ. ಮತ್ತೆ ಬಿಡು ಅಲ್ಲೂ ಇದೆ, ತಿಕ್ಕಿದ್ಮೇಲೆ ಹಿಡ್ಕೊಂಡಿದ್ದು ಬಿಡ್ತು ಅಂತೀವಿ.

ಆದ್ರೆ ತಿಮ್ಮ ಅವ್ರೆ, ನಿಮ್ಮ ಪರೀಕ್ಷೇಲಿ ಒಂದು ತೊಡಕಿದೆ. ಬಿಡು ಅನ್ನೋದೇನು ಸಾಚಾ ಅಲ್ಲ, ಅದೂ ಎರಡು ನಾಲಿಗೆದು. ಮಾಡಿಬಿಟ್ಟ, ತಿಂದುಬಿಟ್ಟ ಅನ್ನೋ ಥರ ಸಹಾಯಕ ಆಗಿ ಬಂದಾಗ ಮುಗಿಸಿದ ಅನ್ನೋ ಅರ್ಥ. "ಹಾವನ್ನ ಹಿಡಿದುಬಿಟ್ಟ" ಅಂದ್ರೆ ಹಾವು ಕೈಯಲ್ಲಿದೆ. "ಹಾವನ್ನ ಹಿಡಿದು ಬಿಟ್ಟ" ಅಂದ್ರೆ ಹಾವು ಕಾಡಲ್ಲಿದೆ. ಮಾತಾಡೋವಾಗ ನಡುವೆ ಒಂದು ಉಸಿರು, ಬರೆಯೋವಾಗ ಒಂದು ಸ್ಪೇಸ್, ಅಷ್ಟರ ಮೇಲೆ ಹಾವು ಎಲ್ಲಿದೆ ಅನ್ನೋದು ನಿಂತಿದೆ. ಪ್ರೂಫ್ ನೋಡೋರು ಇದಕ್ಕೇನು ಮಾಡ್ತೀರಾ?

ತಿದ್ದುಪಡಿ_ತಿಮ್ಮ

"ಹಿಡಿದು ಕಾಡಿಗೆ ಬಿಟ್ಟ" ಅಂತ ಮಾಡಿ ಕೈ ತೊಳ್ಕೊಳ್ತೀನಿ. ಸ್ಪೇಸ್ ನಂಬ್ಕೊಂಡು ಹಾವಿನ ಹತ್ರ ಹೋಗಲ್ಲ.

ಮಲ್ನಾಡ್_ಮಳೆಹುಳ

ನಂಗೆ ಕಾಡ್ತಿರೋದು ಬೇರೆ. ಹಿಡಿಯೋವಾಗ ಯಾರು ಹಿಡಿದ್ರು, ಬಿಡೋವಾಗ ಯಾರು ಬಿಟ್ರು ಅನ್ನೋದು ಯಾವಾಗ್ಲೂ ಒಂದೇ ಇರಲ್ಲ. ಗಮನಿಸಿದೀರಾ? ಹುಚ್ಚು ಅವನಿಗೆ ಹಿಡೀತು, ಹುಚ್ಚು ಅವನನ್ನ ಬಿಡ್ತು, ಹಿಡಿದಿದ್ದೇ ಬಿಡ್ತು. ಹಟ ಅವನು ಹಿಡಿದ, ಅವನೇ ಬಿಟ್ಟ. ಇವೆರಡೂ ಸರಿ. ಈಗ ಕುಡಿತ ತಗೊಳ್ಳಿ. "ಅವನಿಗೆ ಕುಡಿಯೋ ಚಟ ಹಿಡೀತು" ಅಂತೀವಿ, ಹಿಡಿಯೋವಾಗ ಚಟ ಕರ್ತೃ, ಅವನು ಪಾಪ ಸಿಕ್ಕಿಬಿದ್ದೋನು. ಬಿಡೋವಾಗ "ಅವನು ಕುಡಿಯೋ ಚಟ ಬಿಟ್ಟ" ಅಂತೀವಿ, ಈಗ ಅವನು ಕರ್ತೃ ಆಗ್ಬಿಟ್ಟ. ಅಂಟಿಕೊಂಡಿದ್ದರಲ್ಲಿ ಅವನ ತಪ್ಪಿಲ್ಲ, ಬಿಟ್ಟಿದ್ದರಲ್ಲಿ ಹೆಗ್ಗಳಿಕೆ ಪೂರ್ತಿ ಅವನದು. ಬಿಡಕ್ಕಾಗ್ದೇ ಇದ್ರೆ ಮತ್ತೆ "ಚಟ ಅವನನ್ನ ಬಿಡ್ಲಿಲ್ಲ", ತಪ್ಪು ಮತ್ತೆ ಚಟದ್ದು. ಅದೇ ಅವನ ಹೆಂಡ್ತೀನ ಕೇಳಿ, "ಎಷ್ಟು ಹೇಳಿದ್ರೂ ಅವರು ಬಿಡ್ಲಿಲ್ಲ" ಅಂತಾಳೆ. ಒಂದೇ ಬಾಟ್ಲಿ, ಹೇಳೋರು ಯಾರು ಅನ್ನೋದ್ರ ಮೇಲೆ ಯಾರು ಯಾರನ್ನ ಬಿಡ್ಲಿಲ್ಲ ಅನ್ನೋದು ತಿರುಗುತ್ತೆ.

ಜ್ವರಕ್ಕೆ ಹೀಗೆ ಮಾಡಲ್ಲ ನೋಡಿ. ಜ್ವರ ಬಿಡ್ತು ಅಂತೀವಿ, ನಾನು ಜ್ವರ ಬಿಟ್ಟೆ ಅಂತ ಯಾರೂ ಎದೆ ತಟ್ಕೊಳಲ್ಲ.

ಹಳಗನ್ನಡ_ಹುಚ್ಚ

ಅಬ್ಬಾ. ಇದು ಚೆನ್ನಾಗಿದೆ. ಮೊಬೈಲ್ ಗೀಳಿಗೂ ಅನ್ವಯಿಸುತ್ತೆ, ಮಗೂಗೆ ಗೀಳು ಹಿಡಿದಿದೆ ಅಂತೀವಿ, ಆಮೇಲೆ ಮೊಬೈಲ್ ಬಿಡು ಅಂತ ಮಗೂಗೇ ಬಯ್ತೀವಿ.

ಹುಬ್ಳಿ_ಮಂದಿ

ನಮ್ ಹತ್ತಿಗೂ ಇದ ಕಥಿ. ಚಟ ಹತ್ತಿದ್ದು ಚಟದ್ದ ತಪ್ಪು, ಬಿಟ್ಟಿದ್ದು ಇವನ ಪರಾಕ್ರಮ. ಗಂಡಸರ ಮಾಡಿದ ವ್ಯಾಕರಣ ಇರಬೇಕ್ರಿ ಇದು 😂

ಕರಾವಳಿ_ಕಡ್ಲೆ

ಎಲ್ಲ ಸರಿ, ಒಪ್ಪಿದೆ. ಆದ್ರೆ "ಮನೆಯೊಳಗೆ ನೆಟ್‌ವರ್ಕ್ ಹಿಡಿಯುದಿಲ್ಲ" ಇದನ್ನು ಎಲ್ಲಿ ಹಾಕ್ತೀರಿ? ಹೊಸ ಮಾತು ಅಲ್ವಾ, ಇದಕ್ಕೆ ಬಿಡು ಎಲ್ಲಿಂದ ತರ್ತೀರಿ ನೋಡುವ.

ಟೈಲರ್_ಮೀನಾಕ್ಷಿ

ತರೋದೇನು ಬಂತು, ನಮ್ಮನೇಲಿ ದಿನಾ ಅಂತೀವಿ, ಕಿಟಕಿ ಹತ್ರ ಹಿಡಿಯುತ್ತೆ, ಅಡುಗೆಮನೇಲಿ ಬಿಟ್ಟು ಬಿಟ್ಟು ಬರುತ್ತೆ ಅಂತ.